ಮಣ್ಣು ಹದಕ್ಕೆ ಬಂದಾಗ: ವಸಂತದ ಮೊದಲ ಬಿತ್ತನೆಯ ಕ್ರಮ

ಚಳಿಗಾಲ ಹಿಂದೆ ಸರಿದು, ಬಿಸಿಲಿಗೆ ಹತ್ತು ನಿಮಿಷ ನಿಂತರೆ ಬೆನ್ನು ಬೆಚ್ಚಗಾಗುವ ದಿನ ಬಂದೊಡನೆ ಕೈತೋಟದ ಗೀಳು ಹತ್ತಿದವರ ಕೈ ಸುಮ್ಮನಿರುವುದಿಲ್ಲ. ಡಬ್ಬಿಯಲ್ಲಿಟ್ಟಿದ್ದ ಬೀಜದ ಪೊಟ್ಟಣಗಳು ಹೊರಬರುತ್ತವೆ, ಗುದ್ದಲಿಯ ತುಕ್ಕು ಕಳಚುತ್ತದೆ, ಹಾಳೆಯ ಮೇಲೆ ಪಾತಿಗಳ ನಕ್ಷೆ ಮೂಡುತ್ತದೆ, ಮತ್ತು ಆ ನಕ್ಷೆಯೊಳಗೆ ಇರುವ ಜಾಗಕ್ಕಿಂತ ಎರಡು ಪಟ್ಟು ತರಕಾರಿಗಳು ಬಂದು ಸೇರುತ್ತವೆ. ಈ ಉತ್ಸಾಹವನ್ನು ಅದುಮಿಡಬೇಕಾಗಿಲ್ಲ. ಆದರೆ ಗಾಳಿ ಒಂದೇ ಮಧ್ಯಾಹ್ನದಲ್ಲಿ ಬೆಚ್ಚಗಾದೀತು; ಚಳಿಗಾಲವಿಡೀ ನೀರು ಕುಡಿದು ತಣ್ಣಗಾದ ಮಣ್ಣಿಗೆ ಅದೇ ಬಿಸಿ ಇಳಿಯಲು ವಾರಗಳು ಹಿಡಿಯುತ್ತವೆ. ಹಿಮ ಬೀಳುವ ಪ್ರದೇಶಗಳಲ್ಲಿ ವಸಂತದ ಮೊದಲ ಬಿತ್ತನೆ ಕೈಗೂಡುವುದೂ ಕೈಕೊಡುವುದೂ ಈ ಅಂತರವನ್ನು ತೋಟಗಾರ ಹೇಗೆ ಬಳಸಿಕೊಳ್ಳುತ್ತಾನೆ ಎಂಬುದರ ಮೇಲೆಯೇ.

ಬೀಜದಲ್ಲಿ ಜೀವ ಇದೆಯೇ?

ಹೊರಗೆ ಇನ್ನೂ ಕೆಸರಿರುವಾಗ ಮಾಡಬಹುದಾದ ಮೊದಲ ಕೆಲಸ ಹಳೆಯ ಬೀಜಗಳ ಪರೀಕ್ಷೆ. ಈರುಳ್ಳಿ ಬೀಜ ಒಂದು ವರ್ಷ ದಾಟಿದರೆ ನಂಬುವಂತಿಲ್ಲ. ಕ್ಯಾರೆಟ್ ಸುಮಾರು 3 ವರ್ಷ, ಟೊಮೆಟೊ 4 ವರ್ಷ ತಾಳುತ್ತದೆ. ಸಂಶಯವಿದ್ದರೆ 10 ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಟ್ಟೆ ಒಣಗದಂತೆ ಬೆಚ್ಚಗಿನ ಮೂಲೆಯಲ್ಲಿಟ್ಟು, ಮೊಳೆತವನ್ನು ಎಣಿಸಿ ನೋಡಿ. ಎಂಟೋ ಒಂಬತ್ತೋ ಮೊಳೆತರೆ ಎಂದಿನಂತೆ ಬಿತ್ತಬಹುದು. ಐದಾರು ಮಾತ್ರ ಬಂದರೆ ಒತ್ತಾಗಿ ಬಿತ್ತಬೇಕು. ಅದಕ್ಕೂ ಕಡಿಮೆಯಾದರೆ ಆ ಪೊಟ್ಟಣದ ಮೇಲಿನ ವ್ಯಾಮೋಹ ಬಿಡುವುದೇ ಲೇಸು.

ಮುಷ್ಟಿಯಲ್ಲಿ ಸಿಗುವ ಉತ್ತರ

ಇಡೀ ಕೆಲಸದಲ್ಲಿ ಹೆಚ್ಚು ತಪ್ಪು ನಡೆಯುವುದು ಅಗೆಯುವ ಹಂತದಲ್ಲಿ. ಮೇಲ್ಪದರ ಒಣಗಿದಂತೆ ಕಂಡರೂ ಒಂದು ಗೇಣು ಕೆಳಗೆ ಮಣ್ಣು ಹಸಿಯಾಗಿಯೇ ಇರಬಹುದು. ಹತ್ತು ಸೆಂಟಿಮೀಟರ್ ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಗಟ್ಟಿಯಾಗಿ ಹಿಸುಕಿ, ಮುಷ್ಟಿ ಬಿಚ್ಚಿ, ಉಂಡೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಉಂಡೆ ಪುಡಿಪುಡಿಯಾಗಿ ಉದುರಿದರೆ ಮಣ್ಣು ಹದಕ್ಕೆ ಬಂದಿದೆ. ಹೆಬ್ಬೆರಳಿನ ಗುರುತು ಜೇಡಿಮಣ್ಣಿನ ಮೇಲೆ ಮೂಡಿದಂತೆ ಮೂಡಿ ನಿಂತರೆ, ಅಥವಾ ಬೆರಳ ಸಂದಿಯಿಂದ ನೀರು ಜಿನುಗಿದರೆ, ಗುದ್ದಲಿಯನ್ನು ಗೋಡೆಗೆ ಒರಗಿಸಿ ಮೂರು ದಿನ ಬಿಟ್ಟು ಮತ್ತೆ ಪರೀಕ್ಷಿಸಬೇಕು.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಒಂದು ವರ್ಷ ನಾನು ಈ ಮೂರು ದಿನ ಕಾಯಲಾರದೆ, ಅಂಟು ಮಣ್ಣಿನ ಪಾತಿಯನ್ನು ಹಸಿಯಿರುವಾಗಲೇ ಅಗೆದುಬಿಟ್ಟೆ. ಗುದ್ದಲಿ ತಿರುಗಿಸಿದಾಗ ಎದ್ದ ಹೊಳೆಯುವ ಹೆಂಟೆಗಳು ಆಗ ನೋಡಲು ಚೆನ್ನಾಗಿಯೇ ಇದ್ದವು. ಎರಡು ವಾರದ ಬಿಸಿಲಿಗೆ ಅವು ಸುಟ್ಟ ಇಟ್ಟಿಗೆಯಂತಾಗಿ, ಕುಂಟೆಯ ಹಲ್ಲಿಗೂ ಬಗ್ಗದೆ, ಆ ಬೇಸಿಗೆಯುದ್ದಕ್ಕೂ ಹಾಗೆಯೇ ಬಿದ್ದಿದ್ದವು. ಆ ಪಾತಿಯಲ್ಲಿ ಬೆಳೆದ ಕ್ಯಾರೆಟ್‌ಗಳಲ್ಲಿ ಒಂದಾದರೂ ನೇರವಾಗಿ ಕೆಳಗಿಳಿದಿರಲಿಲ್ಲ, ಎಲ್ಲವೂ ಕವಲೊಡೆದಿದ್ದವು. ಹಸಿ ಮಣ್ಣನ್ನು ತುಳಿದಾಗ ಅಥವಾ ತಿರುವಿದಾಗ ಕಣಗಳ ನಡುವೆ ಗಾಳಿ, ನೀರು ಓಡಾಡುವ ರಂಧ್ರಗಳು ಹಿಚುಕಿಹೋಗುತ್ತವೆ, ಮತ್ತು ಅವನ್ನು ಎರೆಹುಳುಗಳೂ ಬೇರುಗಳೂ ಮತ್ತೆ ಕಟ್ಟಿಕೊಡಲು ಬಹಳ ಕಾಲ ಬೇಕಾಗುತ್ತದೆ.

ಮಣ್ಣು ಬೇಗ ಹದಕ್ಕೆ ಬರಬೇಕೆಂದರೆ ಚಳಿಗಾಲದಲ್ಲಿ ಹೊದಿಸಿದ್ದ ಒಣ ಎಲೆ, ಹುಲ್ಲುಗಳನ್ನು ಪಕ್ಕಕ್ಕೆ ಸರಿಸಿ ಬಿಸಿಲು ನೇರವಾಗಿ ನೆಲಕ್ಕೆ ತಾಗುವಂತೆ ಮಾಡಬೇಕು. ಸುತ್ತಲಿನ ನೆಲಕ್ಕಿಂತ 15ರಿಂದ 20 ಸೆಂಟಿಮೀಟರ್ ಎತ್ತರದ ಏರುಮಡಿಯಲ್ಲಿ ನೀರು ಬೇಗ ಬಸಿಯುವುದರಿಂದ ಅದು ಬೇಗ ಬೆಚ್ಚಗಾಗುತ್ತದೆ. ಮಡಿಯ ಅಗಲ ನಾಲ್ಕು ಅಡಿಯನ್ನು ಮೀರದಿದ್ದರೆ ಎರಡೂ ಬದಿಯಿಂದ ನಡುವಿನವರೆಗೆ ಕೈ ಎಟುಕುತ್ತದೆ. ಒಳಗೆ ಕಾಲಿಡುವ ಪ್ರಮೇಯವೇ ಬರುವುದಿಲ್ಲ. ದಿನಕ್ಕೆ ಕನಿಷ್ಠ 6 ಗಂಟೆ ಬಿಸಿಲು ಬೀಳುವ ಜಾಗವನ್ನು ಆರಿಸಿಕೊಂಡು, ಮೇಲೆ ಎರಡು ಬೆರಳಿನಷ್ಟು ದಪ್ಪಕ್ಕೆ ಚೆನ್ನಾಗಿ ಕಳಿತ ಕಾಂಪೋಸ್ಟ್ ಹರಡಿ, ಕುಂಟೆಯಿಂದ ಹಗುರವಾಗಿ ಬೆರೆಸಿದರೆ ಸಾಕು. ಹಸಿ ಸಗಣಿ ಗೊಬ್ಬರವನ್ನು ಈಗ ಹಾಕುವುದು ಸಲ್ಲದು: ಅದು ಎಳೆಯ ಬೇರುಗಳನ್ನು ಸುಡುತ್ತದೆ, ಹಸಿಯಾಗಿ ತಿನ್ನುವ ಸೊಪ್ಪು, ಗೆಡ್ಡೆಗಳಿಗೆ ರೋಗಾಣುಗಳನ್ನೂ ಅಂಟಿಸಬಹುದು.

ಚಳಿಗೆ ಅಂಜದವು ಮೊದಲು

ಹದವಾದ ಮಣ್ಣಿನಲ್ಲಿ ಮೊದಲು ಇಳಿಯಬೇಕಾದವು ಬಟಾಣಿ, ಪಾಲಕ್, ಮೂಲಂಗಿ, ಲೆಟ್ಯೂಸ್, ಬಳಿಕ ಕ್ಯಾರೆಟ್ ಮತ್ತು ಬೀಟ್‌ರೂಟ್. ಬಟಾಣಿ 5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಯೂ ಮೊಳೆಯುತ್ತದೆ. ಆದರೆ ಮೊಳೆಯುವುದು ಬೇರೆ, ಬೇಗ ಮೊಳೆಯುವುದು ಬೇರೆ. 5 ಡಿಗ್ರಿಯಲ್ಲಿ ಐದು ವಾರ ತೆಗೆದುಕೊಳ್ಳುವ ಅದೇ ಬೀಜ 10 ಡಿಗ್ರಿಯಲ್ಲಿ ಎರಡೇ ವಾರಕ್ಕೆ ತಲೆಯೆತ್ತುತ್ತದೆ. ಅಷ್ಟು ದಿನ ತಣ್ಣನೆಯ ಕೆಸರಿನಲ್ಲಿ ಕುಳಿತ ಬೀಜ ಕೊಳೆಯುವ ಅಪಾಯವೂ ಇರುವುದರಿಂದ, ಬೆಳಗಿನ ಹೊತ್ತು 5 ಸೆಂಟಿಮೀಟರ್ ಆಳಕ್ಕೆ ಉಷ್ಣಮಾಪಕ ಚುಚ್ಚಿ, 7 ಅಥವಾ 8 ಡಿಗ್ರಿ ಕಂಡ ಮೇಲೆ ಬಿತ್ತಿದವರು, ಹದಿನೈದು ದಿನ ಮೊದಲೇ ಬಿತ್ತಿದವರಿಗಿಂತ ಹೆಚ್ಚೇನೂ ಹಿಂದೆ ಬೀಳುವುದಿಲ್ಲ.

ಬಟಾಣಿಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, 3 ಸೆಂಟಿಮೀಟರ್ ಆಳದಲ್ಲಿ, 5 ಸೆಂಟಿಮೀಟರ್‌ಗೊಂದರಂತೆ ಊರಬೇಕು. ಹಬ್ಬಲು ಬೇಕಾದ ಕಡ್ಡಿ ಅಥವಾ ಬಲೆಯನ್ನು ಬಿತ್ತುವ ದಿನವೇ ನಿಲ್ಲಿಸುವುದು ಒಳ್ಳೆಯದು. ಆಮೇಲೆ ನೆಡಹೋದರೆ ಬೇರಿಗೆ ಪೆಟ್ಟು ಬೀಳುತ್ತದೆ. ಉಳಿದ ಬೀಜಗಳಿಗೆ, ಬೀಜದ ದಪ್ಪದ ಎರಡು ಮೂರು ಪಟ್ಟು ಆಳ ಎಂಬ ಲೆಕ್ಕ ಸಾಕು. ಲೆಟ್ಯೂಸ್ ಬೀಜ ಮೊಳೆಯಲು ಬೆಳಕು ನೆರವಾಗುವುದರಿಂದ ಅದರ ಮೇಲೆ ಮಣ್ಣು ಉದುರಿಸಿದರೂ ಉದುರಿಸದಂತಿರಬೇಕು.

ತಾಳ್ಮೆ ಪರೀಕ್ಷಿಸುವ ಬೀಜವೆಂದರೆ ಕ್ಯಾರೆಟ್. 10 ಡಿಗ್ರಿಯಲ್ಲಿ ಅದಕ್ಕೆ ಎರಡೂವರೆ ವಾರ ಬೇಕು, ಮತ್ತು ಅಷ್ಟೂ ದಿನ ಮೇಲ್ಮಣ್ಣು ಒಂದು ಬಾರಿಯೂ ಒಣಗಿ ಹೊಪ್ಪಳಿಕೆ ಕಟ್ಟಬಾರದು. ಸಾಲಿನ ಮೇಲೆ ಒದ್ದೆ ಗೋಣಿತಾಟು ಹಾಸಿ, ಒಂದು ವಾರದ ಬಳಿಕ ದಿನವೂ ಅದರ ತುದಿಯೆತ್ತಿ ನೋಡುತ್ತ, ಮೊದಲ ಹಸಿರು ಎಳೆ ಕಂಡ ಕೂಡಲೇ ತಾಟು ತೆಗೆಯುವುದು ಒಂದು ದಾರಿ. ಕ್ಯಾರೆಟ್ ಬೀಜಕ್ಕೆ ಒಂದಿಷ್ಟು ಮೂಲಂಗಿ ಬೀಜ ಬೆರೆಸಿ ಬಿತ್ತುವುದು ಇನ್ನೊಂದು: ಮೂಲಂಗಿ ಕೆಲವೇ ದಿನಗಳಲ್ಲಿ ಮೇಲೆದ್ದು ಮಣ್ಣಿನ ಹೊಪ್ಪಳಿಕೆಯನ್ನು ಒಡೆದುಕೊಡುತ್ತದೆ, ಸಾಲು ಎಲ್ಲಿದೆ ಎಂಬ ಗುರುತೂ ಸಿಗುತ್ತದೆ, ಕ್ಯಾರೆಟ್‌ಗೆ ಜಾಗ ಬೇಕಾಗುವ ಹೊತ್ತಿಗೆ ಮೂಲಂಗಿ ಕಿತ್ತೂ ಆಗಿರುತ್ತದೆ.

ಪೊಟ್ಟಣವನ್ನು ಒಂದೇ ದಿನ ಖಾಲಿ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಮೂಲಂಗಿ, ಲೆಟ್ಯೂಸ್‌ಗಳ ಮಟ್ಟಿಗೆ ಹತ್ತು ಹನ್ನೆರಡು ದಿನಗಳಿಗೊಂದು ಗಿಡ್ಡ ಸಾಲು ಬಿತ್ತುವವರು ಮಾತ್ರ ಒಂದೇ ವಾರ ನಲವತ್ತು ಮೂಲಂಗಿ ತಿನ್ನುವ ಪಾಡಿನಿಂದ ಪಾರಾಗುತ್ತಾರೆ.

ಬಿಸಿಲು ಬೇಡುವವು ಮನೆಯೊಳಗೆ

ಟೊಮೆಟೊ, ಬದನೆ, ಮೆಣಸಿನ ಗಿಡಗಳಿಗೆ ಈ ಮಣ್ಣು ಇನ್ನೂ ಸಲ್ಲದು. ಟೊಮೆಟೊ ಬೀಜ 10 ಡಿಗ್ರಿಯಲ್ಲಿ ಮೊಳೆಯಲು ಆರು ವಾರ ತೆಗೆದುಕೊಳ್ಳುತ್ತದೆ, 25 ಡಿಗ್ರಿಯಲ್ಲಿ ಆರೇ ದಿನ. ಆದ್ದರಿಂದ ಕಡೆಯ ಹಿಮ ಬೀಳುವ ಅಂದಾಜು ದಿನಕ್ಕಿಂತ 6ರಿಂದ 8 ವಾರ ಮೊದಲು ಟೊಮೆಟೊವನ್ನು, ಇನ್ನೂ ಒಂದೆರಡು ವಾರ ಮುಂಚೆ ಮೆಣಸನ್ನು ಮನೆಯೊಳಗೆ ತಟ್ಟೆಯಲ್ಲಿ ಬಿತ್ತಬೇಕು. ಮೊಳೆತ ಮೇಲೆ ಬಿಸಿಗಿಂತ ಬೆಳಕು ಮುಖ್ಯ. ಕಿಟಕಿಯ ಬೆಳಕು ಸಾಲದಿದ್ದರೆ ಸಸಿಗಳು ದಾರದಂತೆ ಉದ್ದವಾಗಿ ವಾಲುತ್ತವೆ, ಆಗ ಅವುಗಳ ತಲೆಯ ಮೇಲೆ ದಿನಕ್ಕೆ 14ರಿಂದ 16 ಗಂಟೆ ದೀಪ ಉರಿಸಬೇಕಾಗುತ್ತದೆ. ನಿನ್ನೆ ನೆಟ್ಟಗಿದ್ದ ಸಸಿ ಇಂದು ಬುಡದಲ್ಲಿ ಸಣ್ಣಗಾಗಿ ಮಕಾಡೆ ಮಲಗಿದ್ದರೆ ಅದು ಶಿಲೀಂಧ್ರದ ಕೆಲಸ. ಅದಕ್ಕೆ ಮದ್ದಿಲ್ಲ, ತಟ್ಟೆಯ ತಳದಿಂದ ನೀರುಣಿಸುವುದು, ಗಾಳಿಯಾಡಿಸುವುದು, ಸಸಿಗಳನ್ನು ಒತ್ತಾಗಿ ಬಿಡದಿರುವುದು, ಇವೇ ತಡೆ.

ಸಸಿಗಳನ್ನು ಹೊರಗೆ ನೆಡುವ ಮೊದಲು ಒಂದು ವಾರದಿಂದ ಹತ್ತು ದಿನ ಅವನ್ನು ಹೊರಗಿನ ಹವೆಗೆ ಪಳಗಿಸಬೇಕು. ಮೊದಲ ದಿನ ನೆರಳಿನಲ್ಲಿ ಎರಡು ಗಂಟೆ ಸಾಕು, ಆಮೇಲೆ ದಿನವೂ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತ ಹೋಗಬಹುದು.

ಹಿಮದ ರಾತ್ರಿ

ಮೋಡವಿಲ್ಲದೆ, ಗಾಳಿಯಾಡದೆ, ಸಂಜೆಯೇ ನಕ್ಷತ್ರಗಳು ಚೊಕ್ಕವಾಗಿ ಕಂಡ ರಾತ್ರಿಯಲ್ಲಿ ನೆಲದ ಬಿಸಿ ತಡೆಯಿಲ್ಲದೆ ಆಕಾಶಕ್ಕೆ ಹೋಗುತ್ತದೆ. ತಣ್ಣನೆಯ ಗಾಳಿ ನೀರಿನಂತೆ ತಗ್ಗಿಗೆ ಹರಿದು ನಿಲ್ಲುವುದರಿಂದ ಇಳಿಜಾರಿನ ಕೆಳತುದಿಯ ಪಾತಿಗೆ ಮೊದಲ ಪೆಟ್ಟು. ಬಟಾಣಿ, ಪಾಲಕ್ ಹಗುರವಾದ ಹಿಮವನ್ನು ತಾಳಿಕೊಳ್ಳುತ್ತವೆ. ಉಳಿದ ಎಳೆಯ ಗಿಡಗಳ ಮೇಲೆ ಸಂಜೆಯೇ ಹಳೆಯ ಬಟ್ಟೆ ಹೊದಿಸಿ, ಅದರ ಅಂಚು ನೆಲಕ್ಕೆ ತಾಗುವಂತೆ ಕಲ್ಲಿಟ್ಟು, ಬೆಳಗ್ಗೆ ಬಿಸಿಲೇರಿದೊಡನೆ ತೆಗೆಯಬೇಕು. ಹೊದಿಕೆ ಹಿಡಿದಿಡುವುದು ನೆಲದಿಂದೇಳುವ ಬಿಸಿಯನ್ನು. ಆದ್ದರಿಂದ ಗಿಡದ ತಲೆಗಷ್ಟೇ ಗಂಟು ಕಟ್ಟಿದ ಚೀಲದಿಂದ ಏನೂ ಉಪಯೋಗವಿಲ್ಲ.

ಬಿತ್ತಿ ನಾಲ್ಕು ವಾರಕ್ಕೆ ಮೊದಲ ಮೂಲಂಗಿಗಳ ಕೆಂಪು ಭುಜ ಮಣ್ಣಿನಿಂದ ಹೊರಗೆ ಕಾಣತೊಡಗುತ್ತದೆ. ಅವನ್ನು ಕಿತ್ತ ಜಾಗದಲ್ಲಿ ಉಷ್ಣಮಾಪಕ ಮತ್ತೆ ಚುಚ್ಚಿ ನೋಡಿ. ಅದು 15 ಡಿಗ್ರಿ ದಾಟಿದ್ದು, ರಾತ್ರಿಯ ಚಳಿಯೂ 10 ಡಿಗ್ರಿಗಿಂತ ಕೆಳಗಿಳಿಯದಿದ್ದರೆ ಪಳಗಿಸಿಟ್ಟ ಟೊಮೆಟೊ ಸಸಿಯನ್ನು ಕೆಳಗಿನ ಎಲೆಗಳವರೆಗೆ ಆಳವಾಗಿ ಅಲ್ಲಿ ಇಳಿಸಬಹುದು. ಹೂತ ಕಾಂಡದುದ್ದಕ್ಕೂ ಹೊಸ ಬೇರುಗಳೊಡೆಯುತ್ತವೆ.