ಸೋಂಕಿನ ವೇಳೆಯ ರಕ್ತ ವರದಿಯನ್ನು ಓದುವ ಬಗೆ

ಜ್ವರದ ನಡುವೆ ರಕ್ತ ಪರೀಕ್ಷೆಯ ವರದಿ ಕೈಗೆ ಬಂದಾಗ ಮೊದಲು ಬಿಳಿ ರಕ್ತಕಣಗಳ ಒಟ್ಟು ಎಣಿಕೆಯನ್ನು ನೋಡಿ. ವಯಸ್ಕರಲ್ಲಿ ಅದು ಸಾಮಾನ್ಯವಾಗಿ ಮೈಕ್ರೋಲೀಟರಿಗೆ 4,000ದಿಂದ 11,000ದವರೆಗೆ ಇರುತ್ತದೆ. ಆದರೆ ಅಲ್ಲಿಗೇ ನಿಲ್ಲಬೇಡಿ. ಎಣಿಕೆ ಏಕೆ ಏರಿತೆಂಬುದಕ್ಕೆ ಉತ್ತರ ಜೀವಕೋಶಗಳ ನಡುವಿನ ಸಂದೇಶಗಳಲ್ಲಿದೆ.

ಬ್ಯಾಕ್ಟೀರಿಯಾದ ಹೊರಪೊರೆಯ ಅಂಶಗಳು ರಕ್ತಕ್ಕೆ ಸೇರಿದಾಗ, ರಕ್ತನಾಳಗಳ ಒಳಗೋಡೆಯ ಕೋಶಗಳು ಟಿಎಲ್‌ಆರ್4 ಎಂಬ ಗ್ರಾಹಕದ ಮೂಲಕ ಅವನ್ನು ಗುರುತಿಸಿ ಜಿ-ಸಿಎಸ್‌ಎಫ್ ಎಂಬ ಪ್ರೋಟೀನನ್ನು ಸ್ರವಿಸುತ್ತವೆ. ಅದು ಮೂಳೆಮಜ್ಜೆಯಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ತಯಾರಿಕೆಯನ್ನು ಚುರುಕುಗೊಳಿಸುವುದಲ್ಲದೆ, ಅವನ್ನು ಅಲ್ಲಿಯೇ ಹಿಡಿದಿಡುವ ಸಿಎಕ್ಸ್‌ಸಿಎಲ್12 ಎಂಬ ಸಂಕೇತವನ್ನೂ ತಗ್ಗಿಸುವುದರಿಂದ, ಪೂರ್ತಿ ಬಲಿಯದ ಕಣಗಳೂ ರಕ್ತಕ್ಕೆ ಇಳಿಯುತ್ತವೆ. ಆದ್ದರಿಂದ ವರದಿಯಲ್ಲಿ ಈ ಬಲಿಯದ ಕಣಗಳ, ಅಂದರೆ 'ಬ್ಯಾಂಡ್' ಕಣಗಳ ಸಾಲನ್ನು ತಪ್ಪದೆ ಹುಡುಕಿ: ಸೂಕ್ಷ್ಮದರ್ಶಕದಡಿ ನೋಡಿದರೆ, ಬಲಿತ ಕಣದ ಕೋಶಕೇಂದ್ರ ಮೂರ್ನಾಲ್ಕು ಹಾಲೆಗಳಾಗಿರುತ್ತದೆ, ಇವುಗಳದ್ದು ಕುದುರೆ ಲಾಳದಂತೆ ಬಾಗಿರುತ್ತದೆ. ನನ್ನ ಮಟ್ಟಿಗೆ ಒಟ್ಟು ಎಣಿಕೆಗಿಂತ ಹೆಚ್ಚು ತಿಳಿಸುವುದು ಈ ಸಾಲೇ.

ಸೋಂಕು ವಾರಗಟ್ಟಲೆ ಎಳೆದಿದ್ದರೆ ಹಿಮೋಗ್ಲೋಬಿನ್ನನ್ನೂ ಗಮನಿಸಿ. ಐಎಲ್-6 ಎಂಬ ಸಂದೇಶವಾಹಕದ ಪ್ರಚೋದನೆಯಿಂದ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಸ್ರವಿಸಿದಾಗ ಕಬ್ಬಿಣಾಂಶ ಕೋಶಗಳೊಳಗೇ ಉಳಿದು, ಹಿಮೋಗ್ಲೋಬಿನ್ ತಯಾರಿಕೆಗೆ ಸಾಕಷ್ಟು ಸಿಗುವುದಿಲ್ಲ. ಹಿಮೋಗ್ಲೋಬಿನ್ ಇಳಿದಿದ್ದರೂ, ಕಬ್ಬಿಣವನ್ನು ಕೂಡಿಟ್ಟುಕೊಳ್ಳುವ ಪ್ರೋಟೀನಾದ ಫೆರಿಟಿನ್ ಏರಿರಬಹುದಾದ್ದರಿಂದ ತಾವಾಗಿಯೇ ಕಬ್ಬಿಣದ ಮಾತ್ರೆ ನುಂಗಬೇಡಿ. ಡೆಂಗಿಯಲ್ಲಿ ಬಿಳಿ ಕಣಗಳೂ ಪ್ಲೇಟ್‌ಲೆಟ್‌ಗಳೂ ಇಳಿಯುವುದುಂಟು. ಹೀಗಾಗಿ ಎಣಿಕೆ ಏರಿಲ್ಲವೆಂಬ ಕಾರಣಕ್ಕೆ ಸೋಂಕಿಲ್ಲವೆಂದು ತಿಳಿಯದೆ, ಹಿಂದಿನ ವರದಿಯನ್ನೂ ಜೊತೆಗಿಟ್ಟು ವೈದ್ಯರಿಗೆ ತೋರಿಸಿ.