ಹಳೆ ರಿಕರ್ವ್ ಬಿಲ್ಲು ಕೊಳ್ಳುವ ಮುಂಚೆ ತೋಳು ನೋಡಿ

ನಮ್ಮಜ್ಜ ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಕೊಂಬಿಗೆ ಬಳಿದ ಬಣ್ಣದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಬಾಯಿ ತೆರೆಸಿ ಹಲ್ಲು ನೋಡುತ್ತಿದ್ದರು. ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಿದ್ದರು. ಆಮೇಲೆ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ. ಇಲ್ಲಿ ಮಿಶಿಗನ್‌ನಲ್ಲಿ ಶನಿವಾರ ಬೆಳಿಗ್ಗೆ ಯಾರದೋ ಗ್ಯಾರೇಜ್ ಸೇಲ್‌ನಲ್ಲಿ, ಹಳೆ ಮೀನಿನ ಗಾಳ, ಕ್ರಿಸ್ಮಸ್ ದೀಪಗಳ ನಡುವೆ ಒರಗಿಸಿಟ್ಟ ಬಿಲ್ಲು ಕಂಡಾಗಲೆಲ್ಲ ನನಗೆ ಅಜ್ಜನೇ ನೆನಪಾಗುತ್ತಾರೆ. ಯಾಕಂದ್ರೆ ಮೊದಲ ಬಿಲ್ಲು ಕೊಂಡಾಗ ನಾನು ಕೊಂಬಿನ ಬಣ್ಣ ನೋಡಿಯೇ ಮೋಸಹೋದೆ. ಆ ಕಥೆ ಆಮೇಲೆ ಹೇಳುತ್ತೇನೆ.

ಮೊದಲು, ಈ ಬಿಲ್ಲುಗಳು ಅಟ್ಟ ಸೇರಿದ್ದು ಯಾಕೆ ಅಂತ ಗೊತ್ತಿರಲಿ. 1950, 60ರ ದಶಕಗಳಲ್ಲಿ ಅಮೆರಿಕದಲ್ಲಿ ಬಿಲ್ಲು ಹಿಡಿದು ಬೇಟೆಗೆ ಹೋಗುವವರು ಹೆಚ್ಚಾಗಿ ಬಳಸುತ್ತಿದ್ದದ್ದು ರಿಕರ್ವ್. ಅಂದರೆ ತುದಿಗಳು ಮುಂದಕ್ಕೆ ಬಾಗಿರುವ, ಮರದ ಪಟ್ಟಿಗೆ ಎರಡೂ ಕಡೆ ಫೈಬರ್ ಗ್ಲಾಸ್ ಅಂಟಿಸಿದ ಬಿಲ್ಲು. ಮಿಸೌರಿಯ ಹೋಲಿಸ್ ವಿಲ್ಬರ್ ಆಲನ್ ಅನ್ನುವವರು ಗಾಲಿಗಳಿರುವ ಕಾಂಪೌಂಡ್ ಬಿಲ್ಲು ಮಾಡಿ 1966ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು, 1969ರಲ್ಲಿ ಸಿಕ್ಕಿತು. ಮುಂದಿನ ಹತ್ತು ವರ್ಷದಲ್ಲಿ ಬೇಟೆಗಾರರು ಒಬ್ಬೊಬ್ಬರಾಗಿ ಅತ್ತ ಹೊರಳಿದರು. ಹಳೆಯವು ಅಟ್ಟಕ್ಕೆ, ನೆಲಮಾಳಿಗೆಗೆ ಹೋದವು. ಈಗ ಆ ಮನೆಗಳ ಮೊಮ್ಮಕ್ಕಳು ಅವನ್ನು ಮಾರುತ್ತಿದ್ದಾರೆ. ನಮ್ಮಂಥವರ ಪುಣ್ಯ.

ಹೆಸರುಗಳಲ್ಲಿ ಮೊದಲು ಬರುವುದು ಬೇರ್. ಫ್ರೆಡ್ ಬೇರ್ 1933ರಲ್ಲಿ ಡೆಟ್ರಾಯಿಟ್‌ನಲ್ಲಿ ಶುರುಮಾಡಿದ ಕಂಪನಿ, 1947ರಲ್ಲಿ ಉತ್ತರ ಮಿಶಿಗನ್‌ನ ಗ್ರೇಲಿಂಗ್‌ಗೆ, 1978ರಲ್ಲಿ ಫ್ಲಾರಿಡಾದ ಗೇನ್ಸ್‌ವಿಲ್‌ಗೆ ಹೋಯಿತು. ಸಂಗ್ರಹ ಮಾಡುವವರು ‘ಗ್ರೇಲಿಂಗ್ ಬೇರ್’ ಅಂತ ಕಣ್ಣರಳಿಸುವುದು ಆ ನಡುವಿನ ಮೂವತ್ತು ವರ್ಷದ ಬಿಲ್ಲುಗಳಿಗೆ. ಆದರೆ ಬೇರ್ ಒಂದೇ ಅಲ್ಲ. ಅರ್ಕಾನ್ಸಾದ ಪೈನ್ ಬ್ಲಫ್‌ನ ಬೆನ್ ಪಿಯರ್ಸನ್, ಟೆಕ್ಸಾಸ್‌ನ ವಿಂಗ್, ವಾಷಿಂಗ್ಟನ್ ರಾಜ್ಯದ ಯಾಕಿಮಾದ ಡೇಮನ್ ಹೋವಾಟ್, ಗಾಳ ಮಾಡುತ್ತಿದ್ದ ಕಲಮಜೂದ ಶೇಕ್ಸ್‌ಪಿಯರ್ ಕಂಪನಿ (ನಾಟಕದ ಶೇಕ್ಸ್‌ಪಿಯರ್ ಅಲ್ಲ ಮಾರಾಯ್ರೇ), ಎಲ್ಲರೂ ಒಳ್ಳೆ ಬಿಲ್ಲು ಮಾಡಿದ್ದಾರೆ. ಬೇರ್ ಹೆಸರಿಗೆ ಜನ ಜಾಸ್ತಿ ದುಡ್ಡು ಕೊಡುತ್ತಾರೆ, ಅಷ್ಟೇ. ಸುಮ್ನೆ ಬಾಣ ಬಿಡೋಕೆ ಬೇಕು ಅನ್ನುವವರು ಹೋವಾಟ್ ಅಥವಾ ಪಿಯರ್ಸನ್ ಹುಡುಕಿ, ಜೇಬು ಉಳಿಯುತ್ತದೆ.

ಬೇರ್ ಬಿಲ್ಲಿನ ವಯಸ್ಸು ಕಂಡುಹಿಡಿಯೋಕೆ ಎರಡು ಮೂರು ಗುರುತು ಸಾಕು. ಹಿಡಿಯ ಭಾಗದಲ್ಲಿ ಒಂದು ಲೋಹದ ಬಿಲ್ಲೆ ಕೂರಿಸಿರುತ್ತಾರೆ. ಅದು ಬಂದದ್ದು 1959ರಲ್ಲಿ. ಬೆರಳಾಡಿಸಿದಾಗ ಬಿಲ್ಲೆ ಮರದ ಮಟ್ಟಕ್ಕೇ ಇದ್ದರೆ 1972ರ ಒಳಗಿನದು, ಉಬ್ಬಿಕೊಂಡಿದ್ದರೆ 1973ರ ಆಮೇಲಿನದು. 1965ರಿಂದ 69ರ ನಡುವಿನವುಗಳಲ್ಲಿ ಸರಣಿ ಸಂಖ್ಯೆಯ ಮೊದಲ ಅಂಕಿಯೇ ವರ್ಷದ ಕೊನೆಯ ಅಂಕಿ. ಇನ್ನೊಂದು ವಿಷಯ, ಹೊಸಬರೆಲ್ಲ ಎಡವುವುದು ಇಲ್ಲೇ: ಬಿಲ್ಲಿನ ತೋಳಿನ ಮೇಲೆ ಪೇಟೆಂಟ್ ನಂಬರ್ ಪಕ್ಕ ‘ಕೆನಡಾ 1953’ ಅಂತ ಬರೆದಿರುತ್ತದೆ. ಅದು ಕೆನಡಾದ ಪೇಟೆಂಟ್ ಸಿಕ್ಕ ವರ್ಷ, ಬಿಲ್ಲು ಹುಟ್ಟಿದ ವರ್ಷ ಅಲ್ಲ. ಎಷ್ಟೋ ವರ್ಷ ಅದೇ ಅಚ್ಚು ಹಾಕಿದ್ದಾರೆ. ಮಾರುವವರು ‘1953ರ ಅಪರೂಪದ ಬಿಲ್ಲು’ ಅಂದರೆ ನಕ್ಕು ಬಿಲ್ಲೆ ಮುಟ್ಟಿ ನೋಡಿ.

ಈಗ ಮುಖ್ಯ ವಿಷಯ. ಬಿಲ್ಲಿನ ನಡುವಿನ ದಪ್ಪ ಹಿಡಿಗೆ ರೈಸರ್ ಅಂತಾರೆ, ಮೇಲೆ ಕೆಳಗೆ ಬಾಗುವ ತೋಳುಗಳಿಗೆ ಲಿಂಬ್ ಅಂತಾರೆ. ರೈಸರ್ ಎಷ್ಟು ಚೆಂದ ಇದ್ದರೂ ಅದು ಕೊಂಬಿನ ಬಣ್ಣ. ಬದುಕೋದು ಸಾಯೋದು ಲಿಂಬ್‌ನಲ್ಲಿ. ನಾನು ಮೊದಲು ಕೊಂಡ ಬಿಲ್ಲಿನ ರೈಸರ್ ಹೊಳೆಯುತ್ತಿತ್ತು, ಆನ್‌ಲೈನ್‌ನಲ್ಲಿ ಅದರದೇ ಆರು ಫೋಟೋ ಹಾಕಿದ್ದರು, ಲಿಂಬ್ ಪಕ್ಕದಿಂದ ತೆಗೆದದ್ದು ಒಂದೂ ಇರಲಿಲ್ಲ, ಕೇಳಬೇಕು ಅಂತ ನನಗೂ ಹೊಳೆಯಲಿಲ್ಲ. ಬಂದ ದಿನವೇ ಹೆದೆ ಏರಿಸಿ ಒಂದೇ ಸಲ ಪೂರ್ತಿ ಎಳೆದೆ. ‘ಟಪ್’ ಅಂತ ಸದ್ದು. ಕೆಳಗಿನ ಲಿಂಬ್‌ನ ಗಾಜಿನ ಪದರ ಮರದಿಂದ ಎದ್ದು ಬಂದಿತ್ತು. ಕಣ್ಣಿಗೆ ಏನೂ ಆಗಲಿಲ್ಲ ಅನ್ನುವುದೇ ಲಾಭ.

ಹಾಗಾಗಿ ಕೊಳ್ಳುವ ಮುಂಚೆ ಲಿಂಬ್‌ನ ಎರಡೂ ಅಂಚಿನ ಮೇಲೆ ಹತ್ತಿಯ ಉಂಡೆ ನಿಧಾನ ಎಳೆಯಿರಿ. ಎಳೆ ಸಿಕ್ಕಿಕೊಂಡ ಕಡೆ ಸೀಳು ಇದೆ ಅಂತ ಅರ್ಥ. ಗಾಜು ಮತ್ತು ಮರ ಸೇರುವ ಗೆರೆಯನ್ನು ಬೆಳಕಿಗೆ ಹಿಡಿದು ನೋಡಿ, ಕೂದಲೆಳೆ ಸಂದಿಯೂ ಇರಬಾರದು. ಗೆರೆಗಳ ಬಗ್ಗೆ ಹೆದರಿಕೆ ಬೇಡ, ವಿವೇಕ ಇರಲಿ. ಮೇಲಿನ ವಾರ್ನಿಶ್ ಹಳೆ ಪಿಂಗಾಣಿ ತಟ್ಟೆಯ ಹಾಗೆ ಬಿರುಕು ಬಿಟ್ಟಿದ್ದರೆ ಸಾಮಾನ್ಯ, ಅದು ಬಣ್ಣದ ಬಿರುಕು. ಗಾಜಿನ ಒಳಗೆ ಉದ್ದಕ್ಕೆ ಓಡುವ ಸಣ್ಣ ಬಿಳಿ ಗೆರೆಗಳೂ ಹಲವು ಹಳೆ ಬಿಲ್ಲುಗಳಲ್ಲಿ ಇರುತ್ತವೆ. ಆದರೆ ಲಿಂಬ್‌ಗೆ ಅಡ್ಡಲಾಗಿ, ಉಗುರಿಗೆ ಸಿಕ್ಕುವ ಬಿರುಕು ಕಂಡರೆ ಬಿಲ್ಲನ್ನು ಅಲ್ಲೇ ಇಟ್ಟು ಥ್ಯಾಂಕ್ಸ್ ಹೇಳಿ ಬನ್ನಿ.

ತಿರುಚು ಇನ್ನೊಂದು ರೋಗ. ಹೆದೆ ಏರಿಸಿದ ಬಿಲ್ಲನ್ನು ದೂರ ಹಿಡಿದು, ಹೆದೆ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿ. ಹೆದೆ ಎರಡೂ ಲಿಂಬ್‌ನ ನಟ್ಟನಡುವೆ ಹಾದು ತುದಿಯ ಕಾಲುವೆಯಲ್ಲಿ ಕೂರಬೇಕು. ಒಂದು ಕಡೆ ಸರಿದಿದ್ದರೆ ಲಿಂಬ್ ತಿರುಚಿದೆ. ಕಾಲು ದಾಟಿಸಿ ತೊಡೆಗೆ ಒತ್ತಿ ಹೆದೆ ಏರಿಸುತ್ತಿದ್ದ ಹಳೆ ಅಭ್ಯಾಸದಿಂದ, ಇಲ್ಲವೇ ಐವತ್ತು ವರ್ಷ ಗೋಡೆಗೆ ಒರಗಿ ನಿಂತದ್ದರಿಂದ ಹೀಗಾಗುತ್ತದೆ. ಸ್ವಲ್ಪ ತಿರುಚಾದರೆ ವಾಸಿಯಾಗುತ್ತದೆ. ಹೆದೆ ಏರಿಸಿಟ್ಟು ಲಿಂಬನ್ನು ಕೈಯಿಂದ ಎದುರು ದಿಕ್ಕಿಗೆ ತುಸು ಜಾಸ್ತಿಯೇ ತಿರುಗಿಸಿ ಒಂದೆರಡು ನಿಮಿಷ ಹಿಡಿದಿರಿ. ಹೀಗೆ ದಿನಾ ಕೆಲವು ಸಲ. ಜಗ್ಗದಿದ್ದರೆ ಹೇರ್ ಡ್ರೈಯರ್‌ನಲ್ಲಿ ಬೆಚ್ಚಗೆ ಮಾಡಿ ತಿರುಗಿಸಿ, ಆರುವ ತನಕ ಹಿಡಿದಿರಿ. ಬೆಚ್ಚಗೆ ಅಂದರೆ ಬೆಚ್ಚಗೆ, ಕೈಸುಡುವಷ್ಟು ಕಾಯಿಸಿದರೆ ಅಂಟೇ ಬಿಡುತ್ತದೆ.

ಎಡಗೈಯವರದೋ ಬಲಗೈಯವರದೋ ಅನ್ನುವುದನ್ನೂ ನೋಡಿ. ಬಲಗೈಯವರ ಬಿಲ್ಲನ್ನು ಎಡಗೈಯಲ್ಲಿ ಹಿಡಿದರೆ ಬಾಣ ಕೂರುವ ಮೆಟ್ಟಿಲು ಎಡಗಡೆ ಬರುತ್ತದೆ. ಗಡಿಬಿಡಿಯಲ್ಲಿ ತಪ್ಪುವುದು ಬಹಳ ಸುಲಭ. ಹಿಂದಿನವರು ಗುರಿಕಾಣಿ ಕೂರಿಸೋಕೆ ರೈಸರ್‌ಗೆ ತೂತು ಕೊರೆದಿದ್ದರೆ ಬೆಲೆ ಇಳಿಯುತ್ತದೆ, ಆದರೆ ಬಿಲ್ಲು ಹೊಡೆಯೋಕೆ ಏನೂ ತೊಂದರೆ ಇಲ್ಲ. ಚೌಕಾಸಿಗೆ ಅದೇ ಒಳ್ಳೆ ಹಿಡಿ.

ತೂಕದ ಮಾತಿಗೆ ಬರೋಣ. ಲಿಂಬ್ ಮೇಲೆ 45, 50, 55 ಅಂತ ಪೌಂಡ್ ಬರೆದಿರುತ್ತದೆ. ಹೆದೆಯನ್ನು 28 ಇಂಚು ಎಳೆದಾಗ ಬೆರಳಿಗೆ ಬೀಳುವ ತೂಕ ಅದು. ಒಂದು ಇಂಚು ಕಮ್ಮಿ ಎಳೆದರೆ ಎರಡು ಮೂರು ಪೌಂಡ್ ಕಮ್ಮಿ. ಕೀಬೋರ್ಡ್ ಕುಟ್ಟುವ ನಮ್ಮಂಥ ಕೈಗಳಿಗೆ 35ರಿಂದ 40 ಪೌಂಡ್ ಧಾರಾಳ ಸಾಕು. ಆದರೆ ಹಳೆ ಬೇಟೆ ಬಿಲ್ಲುಗಳಲ್ಲಿ ಜಾಸ್ತಿ ಸಿಗೋದು 45, 50. ಜಿಮ್‌ಗೆ ಹೋಗ್ತೀನಿ, 55 ಎಳೀತೀನಿ ಅನ್ನುವವರು ಹತ್ತನೇ ಬಾಣಕ್ಕೆ ನಡುಗುತ್ತಾರೆ, ನಡುಕದಲ್ಲಿ ಕಲಿತ ತಪ್ಪು ಬಿಡಿಸೋಕೆ ಆರು ತಿಂಗಳು ಬೇಕು. ಕಮ್ಮಿ ತೂಕದ ಬಿಲ್ಲಿಗೆ ಕಾಯಿರಿ. ಉದ್ದವೂ ಮುಖ್ಯ. ಬೇರ್‌ನ ಕೊಡಿಯಾಕ್ ಮ್ಯಾಗ್ನಮ್ 52 ಇಂಚು, ಪೊದೆಯಲ್ಲಿ ಓಡಾಡೋಕೆ ಚೆನ್ನ, ಆದರೆ ಪೂರ್ತಿ ಎಳೆದಾಗ ಹೆದೆ ಬೆರಳನ್ನು ಚಿವುಟುತ್ತದೆ, ಕೊನೆ ಇಂಚಿನಲ್ಲಿ ಗೋಡೆ ಎಳೆದ ಹಾಗೆ ಅನಿಸುತ್ತದೆ. 58 ಇಂಚಿನ ಗ್ರಿಜ್ಲಿ ಅಥವಾ 60 ಇಂಚಿನ ಸೂಪರ್ ಕೊಡಿಯಾಕ್ ಕಲಿಯೋಕೆ ವಾಸಿ.

ಬಿಲ್ಲಿನ ಜೊತೆ ಬಂದ ಹೆದೆ ಎಷ್ಟೇ ಚೆನ್ನಾಗಿ ಕಂಡರೂ ಬಿಸಾಕಿ. ಹೊಸದು ತರುವಾಗ ಡಕ್ರಾನ್ (ಒಂದು ಥರದ ಪಾಲಿಯೆಸ್ಟರ್ ನೂಲು) ಅಂತಲೇ ಕೇಳಿ, ಬಿ-50 ಅಥವಾ ಬಿ-55. ಈ ಕಾಲದ ಹಿಗ್ಗದ ನೂಲಿನ ಹೆದೆ ಬಾಣವನ್ನು ಸ್ವಲ್ಪ ಬೇಗ ಕಳಿಸುತ್ತದೆ ನಿಜ, ಆದರೆ ಬಿಟ್ಟಾಗಿನ ಹೊಡೆತವನ್ನೆಲ್ಲ ಲಿಂಬ್ ತುದಿಯ ಮೇಲೆ ಹಾಕುತ್ತದೆ, ಹಳೆ ತುದಿಗಳು ಅದಕ್ಕಾಗಿ ಮಾಡಿದ್ದಲ್ಲ, ಸೀಳಿಹೋಗುತ್ತವೆ. ಡಕ್ರಾನ್ ಹಿಗ್ಗಿ ಹೊಡೆತ ನುಂಗುತ್ತದೆ. ಅಂಗಡಿಯಲ್ಲಿ ಬಿಲ್ಲಿನ ಉದ್ದವನ್ನೇ ಹೇಳಿ. ಹೆದೆ ಅದಕ್ಕಿಂತ ಮೂರು ನಾಲ್ಕು ಇಂಚು ಗಿಡ್ಡ ಇರುತ್ತದೆ, ಅದು ಸರಿ.

ಹೆದೆ ಏರಿಸೋಕೆ ಸ್ಟ್ರಿಂಗರ್ ಅನ್ನುವ ಹಗ್ಗ ಸಿಗುತ್ತದೆ, ಹದಿನೈದು ಇಪ್ಪತ್ತು ಡಾಲರ್. ಅದನ್ನು ಬಿಲ್ಲಿಗಿಂತ ಮೊದಲೇ ಕೊಳ್ಳಿ. ಹೆದೆ ಏರಿಸುವಾಗ ಬಿಲ್ಲು ಮುರಿದರೆ ರಾಮನಿಗೆ ಸೀತೆ ಸಿಕ್ಕಳು, ನಮಗೆ ಮುಖಕ್ಕೆ ಏಟು ಸಿಗುತ್ತದೆ, ಅಲ್ವಾ? ಹೆದೆಯ ದೊಡ್ಡ ಕುಣಿಕೆ ಮೇಲಿನ ಲಿಂಬ್‌ಗೆ, ಚಿಕ್ಕದು ಕೆಳಗಿನದಕ್ಕೆ. ಏರಿಸಿದ ಮೇಲೆ ಎರಡೂ ಕುಣಿಕೆ ಕಾಲುವೆಯಲ್ಲಿ ಕೂತಿವೆಯಾ ನೋಡಿ, ಆಮೇಲೆ ಸುಮ್ಮನೆ ಒಂದು ಗಂಟೆ ಬಿಡಿ. ಕನ್ನಡಕ ಹಾಕಿಕೊಂಡು ಹತ್ತು ಇಂಚು ಎಳೆಯಿರಿ, ನಿಧಾನ ವಾಪಸ್ ಬಿಡಿ. ಹದಿನೈದು, ಇಪ್ಪತ್ತು, ಹೀಗೆ ಒಂದೊಂದೇ ಮೆಟ್ಟಿಲು. ಕಿವಿ ಲಿಂಬ್ ಮೇಲಿರಲಿ. ಕಿರ್ರ್ ಅಂದರೆ ನಿಲ್ಲಿಸಿ. ಎಳೆದ ಹೆದೆಯನ್ನು ಬಾಣ ಇಲ್ಲದೆ ಯಾವತ್ತೂ ಬಿಡಬೇಡಿ. ಬಾಣ ಒಯ್ಯಬೇಕಾದ ಶಕ್ತಿ ಎಲ್ಲ ಬಿಲ್ಲಿಗೇ ವಾಪಸ್ ಬಡಿಯುತ್ತದೆ. ಮನೆಗೆ ಬಂದ ನೆಂಟರು ಬಿಲ್ಲು ಕಂಡ ತಕ್ಷಣ ಮಾಡುವ ಮೊದಲ ಕೆಲಸವೇ ಇದು, ಕೈಗೆ ಕೊಡುವ ಮುಂಚೆಯೇ ಹೇಳಿಬಿಡಿ.

ಹಿಡಿಯ ಆಳದಿಂದ ಹೆದೆಗೆ ಇರುವ ದೂರ ಏಳೂವರೆಯಿಂದ ಎಂಟೂವರೆ ಇಂಚಿನ ನಡುವೆ ಇರಲಿ. ಹೆದೆಯನ್ನು ತಿರುವಿದಷ್ಟೂ ಗಿಡ್ಡವಾಗಿ ಆ ದೂರ ಜಾಸ್ತಿಯಾಗುತ್ತದೆ. ನಾಲ್ಕು ತಿರುವು ಹಾಕಿ ಬಾಣ ಬಿಡಿ, ಮತ್ತೆ ನಾಲ್ಕು ಹಾಕಿ ಬಿಡಿ. ಬಿಲ್ಲಿನ ಸದ್ದು ಕಮ್ಮಿಯಾಗಿ ಕೈಗೆ ನಡುಕ ಹತ್ತದ ಒಂದು ಜಾಗ ಬಂದೇ ಬರುತ್ತದೆ, ಅಲ್ಲಿ ನಿಲ್ಲಿಸಿ.

ಬಾಣದ ವಿಷಯದಲ್ಲಿ ಜಿಪುಣತನ ಬೇಡ. ರೈಸರ್‌ನ ಮೆಟ್ಟಿಲ ಮೇಲೆಯೇ ಬಾಣ ಇಟ್ಟು ಹೊಡೆಯುವುದರಿಂದ ನಿಜವಾದ ಹಕ್ಕಿಗರಿಯೇ ಬೇಕು. ಪ್ಲಾಸ್ಟಿಕ್ ಗರಿ ಮೆಟ್ಟಿಲಿಗೆ ತಾಗಿ ಬಾಣವನ್ನು ಒದೆಯುತ್ತದೆ, ಹಕ್ಕಿಗರಿ ಮಡಚಿಕೊಂಡು ಹೋಗುತ್ತದೆ. ಪೋರ್ಟ್ ಆರ್ಫರ್ಡ್ ಸೀಡರ್ ಮರದ ಬಾಣ ಹಳೆ ಬಿಲ್ಲಿಗೆ ಚೆಂದ, ವಾಸನೆಯೂ ಚೆಂದ. ಕಾರ್ಬನ್ ಆದರೂ ಪಾಪ ಅಲ್ಲ, 45 ಪೌಂಡ್ ಬಿಲ್ಲಿಗೆ 500 ಸ್ಪೈನ್‌ನಿಂದ (ಸ್ಪೈನ್ ಅಂದರೆ ಬಾಣ ಎಷ್ಟು ಗಡುಸು ಅನ್ನುವ ಅಳತೆ) ಶುರುಮಾಡಿ. ಬಾಣದ ತೂಕ ಪ್ರತಿ ಪೌಂಡ್‌ಗೆ ಹತ್ತು ಗ್ರೇನ್ ಲೆಕ್ಕ, ಅಂದರೆ 45 ಪೌಂಡ್‌ಗೆ 450 ಗ್ರೇನ್, ಸುಮಾರು 29 ಗ್ರಾಂ. ಹಗುರ ಬಾಣ ಹಾಕಿದರೆ ಅದೂ ಅರ್ಧ ಬಾಣ ಇಲ್ಲದೆ ಬಿಟ್ಟ ಹಾಗೇ. ಗರಿ ಇಲ್ಲದ ಒಂದು ಬಾಣವನ್ನು ಗರಿ ಇರುವವುಗಳ ಜೊತೆ ಹತ್ತು ಗಜದಿಂದ ಹೊಡೆಯಿರಿ. ಬಲಗೈಯವರಿಗೆ ಅದು ಎಡಕ್ಕೆ ಬಿದ್ದರೆ ಬಾಣ ಗಡುಸು, ಮುಂದಿನ ಮೊನೆಯ ತೂಕ ಏರಿಸಿ. ಬಲಕ್ಕೆ ಬಿದ್ದರೆ ಮೆದು, ಬಾಣವನ್ನು ಕಾಲಿಂಚು ಕತ್ತರಿಸಿ.

ಹೊಡೆಯುವ ಕ್ರಮ ಬರೆದು ಕಲಿಸುವಂಥದ್ದಲ್ಲ, ಎರಡೇ ಮಾತು ಹೇಳುತ್ತೇನೆ. ಎಳೆದಾಗ ಬೆರಳು ಪ್ರತಿ ಸಲವೂ ತುಟಿಯ ಮೂಲೆಯ ಅದೇ ಜಾಗಕ್ಕೆ ಬರಲಿ. ಮೊದಲ ತಿಂಗಳು ಐದು ಗಜದಿಂದ ಮಾತ್ರ ಹೊಡೆಯಿರಿ, ನೆರೆಮನೆಯವರು ನಗಲಿ.

ಬೇಟೆಗೆ ಹೋಗುವವರು ತಮ್ಮ ರಾಜ್ಯದ ಲೈಸೆನ್ಸ್, ತರಬೇತಿ, ಬಿಲ್ಲಿಗೆ ಎಷ್ಟು ಪೌಂಡ್ ಇರಬೇಕು ಅನ್ನುವ ನಿಯಮ ಎಲ್ಲ ನೋಡಿಕೊಳ್ಳಿ. ನಾನು ಹೋಗುವುದಿಲ್ಲ, ನನ್ನ ಜಿಂಕೆ ಫೋಮ್‌ನದು. ಫ್ರೆಡ್ ಬೇರ್ 1963ರಲ್ಲಿ ಭಾರತಕ್ಕೆ ಬಂದು ಇದೇ ಥರದ ಬಿಲ್ಲಿನಲ್ಲಿ ಹುಲಿ ಹೊಡೆದಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಮಾತೇ ಇಲ್ಲ. ಇದನ್ನು ಊರಿಗೆ ತಂದರೂ ಹೊಡೆಯಬೇಕಾದದ್ದು ಹುಲ್ಲಿನ ಗುರಿಗೆ ಮಾತ್ರ.

ಇಡುವ ಬಗೆ ಹೇಳಿ ಮುಗಿಸುತ್ತೇನೆ. ಹೆದೆ ಇಳಿಸಿ, ಗೋಡೆಯಲ್ಲಿ ಎರಡು ಗೂಟ ಹೊಡೆದು ಅಡ್ಡಕ್ಕೆ ಮಲಗಿಸಿ. ಮೂಲೆಯಲ್ಲಿ ನಿಲ್ಲಿಸಬೇಡಿ. ಹೆದೆಗೆ ಆಗಾಗ ಜೇನುಮೇಣ ಉಜ್ಜಿ. ಹಳೆ ವಾರ್ನಿಶ್ ಕೆರೆದು ಹೊಸದು ಬಳಿಯುವ ಆಸೆ ಬಂದರೆ ಕೈ ಕಟ್ಟಿಕೊಳ್ಳಿ, ಅಕ್ಷರ ಅಳಿಸಿಹೋದ ಬಿಲ್ಲನ್ನು ಸಂಗ್ರಹದವರು ಮೂಸಿಯೂ ನೋಡುವುದಿಲ್ಲ. ಜುಲೈ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಂತೂ ಅರ್ಧ ಗಂಟೆಯೂ ಬಿಡಬೇಡಿ. ದಾರಿಯಲ್ಲಿ ಊಟಕ್ಕೆ ನಿಂತರೆ ನಾನು ಬಿಲ್ಲನ್ನೂ ಹೋಟೆಲ್ ಒಳಗೇ ಒಯ್ಯುತ್ತೇನೆ. ಚೀಲದಲ್ಲಿ ಏನಿದೆ ಅಂತ ಕೇಳಿದರೆ ತಂಬೂರಿ ಅಂತೀನಿ.