ಪುಟ್ಟಿಗೊಂದು ಕ್ರಿಸ್‌ಮಸ್ ಕಾಲುಚೀಲ

'ಪುಟ್ಟಿ' ಅಂದರೆ ಎರಡೇ ಅಕ್ಷರ. ಪೆನ್ನಿನಲ್ಲಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬರೆದು ಮುಗಿಸಬಹುದು. ಅದನ್ನೇ ಉಲ್ಲನ್ ದಾರದಲ್ಲಿ ಬರೆಯಲು ನನಗೆ ನಾಲ್ಕು ಸಂಜೆ ಬೇಕಾಯಿತು, ಅದಕ್ಕೂ ಮೊದಲು ಎರಡು ಸಲ ಬಿಚ್ಚಿದ್ದೆ. ಕ್ರಿಸ್‌ಮಸ್ ಕಾಲುಚೀಲ ಹೆಣೆಯುವ ಆಸೆ ಇರುವವರಿಗೆ, ಅದರಲ್ಲೂ ಹೆಸರನ್ನು ಕನ್ನಡದಲ್ಲೇ ಹಾಕಬೇಕು ಅನ್ನುವವರಿಗೆ ಉಪಯೋಗ ಆಗಲಿ ಅಂತ ಲೆಕ್ಕದ ಸಮೇತ ಬರೆಯುತ್ತಿದ್ದೇನೆ.

ನಮ್ಮ ಮನೆ ಮೈಸೂರಿನಲ್ಲಿ, ಸೇಂಟ್ ಫಿಲೋಮಿನಾ ಚರ್ಚಿಗೆ ನಡೆದು ಹೋಗುವಷ್ಟು ದೂರದಲ್ಲಿದೆ. ಅದರ ಜೋಡಿ ಗೋಪುರ 175 ಅಡಿ ಎತ್ತರ ಅಲ್ವಾ, ನಮ್ಮ ಮಹಡಿಯಿಂದ ಚೆನ್ನಾಗಿ ಕಾಣುತ್ತದೆ. ಕೆಳಗಿನ ಮನೆಯವರು ಕ್ರಿಶ್ಚಿಯನ್ನರು. ಡಿಸೆಂಬರ್‌ನಲ್ಲಿ ಅವರ ಮನೆಯಿಂದ ಕಲ್‌ಕಲ್, ರೋಸ್ ಕುಕ್ಕೀಸ್, ಕೇಕು ಮೇಲೆ ಬರುತ್ತದೆ, ಸಂಕ್ರಾಂತಿಗೆ ನಮ್ಮ ಎಳ್ಳು ಬೆಲ್ಲ ಕೆಳಗೆ ಹೋಗುತ್ತದೆ. ಹೋದ ವರ್ಷ ಅವರ ಮನೆಗೆ ಮೊಮ್ಮಗಳು ಬಂದಳು, ಎಲ್ಲರ ಬಾಯಲ್ಲೂ ಪುಟ್ಟಿ. ಹುಟ್ಟಿದಾಗ ನಾನು ಕುಲಾವಿ ಹೆಣೆದು ಕೊಟ್ಟಿದ್ದೆ. ಅದನ್ನು ನೋಡಿಯೇ ಆಂಟಿ ಕೇಳಿದ್ದು: "ಮಗೂದು ಮೊದಲನೇ ಕ್ರಿಸ್‌ಮಸ್ ಕಣಮ್ಮಾ, ಅಂಗಡಿಯ ಬಟ್ಟೆ ಸಾಕ್ಸ್ ತಂದು ತೂಗುಹಾಕೋಕೆ ಮನಸ್ಸಿಲ್ಲ. ನಿನ್ನ ಕೈಲಿ ಆಗುತ್ತಾ?"

ಆಗುತ್ತೆ ಅಂದುಬಿಟ್ಟೆ. ಕುಲಾವಿ, ಸ್ವೆಟರ್ ಎಲ್ಲ ನಮ್ಮ ದೊಡ್ಡಮ್ಮನಿಂದ ಚಿಕ್ಕವಳಿದ್ದಾಗಲೇ ಕಲಿತಿದ್ದೆ. ಆದರೆ ಅದೆಲ್ಲ ಎರಡು ಕಡ್ಡಿಯಲ್ಲಿ ಹೋಗಿ ಬರುವ ಹೆಣಿಗೆ. ಸುತ್ತಲೂ ಹೆಣೆಯುವುದು ನನಗೆ ಹೊಸದು.

ಈ ಕಾಲುಚೀಲದ ಕಥೆಯನ್ನೂ ಆಂಟಿಯೇ ಹೇಳಿದರು. ಸಂತ ನಿಕೋಲಾಸ್ ಅಂತ ಒಬ್ಬ ಬಿಷಪ್ ಇದ್ದರು, ಈಗಿನ ಟರ್ಕಿ ದೇಶದ ಮೈರಾ ಊರಿನವರು. ಒಬ್ಬ ಬಡವನಿಗೆ ಮೂರು ಹೆಣ್ಣುಮಕ್ಕಳು, ಮದುವೆಗೆ ದುಡ್ಡಿಲ್ಲ. ಇವರು ರಾತ್ರಿ ಹೊತ್ತು ಯಾರಿಗೂ ಗೊತ್ತಾಗದಂತೆ ಚಿನ್ನ ಎಸೆದು ಹೋದರಂತೆ, ಅದು ಒಲೆ ಹತ್ತಿರ ಒಣಹಾಕಿದ್ದ ಕಾಲುಚೀಲದೊಳಗೆ ಬಿತ್ತಂತೆ. ಕಥೆ ಕೇಳುವಾಗ ನನಗೆ ಹೊಳೆದದ್ದು ಒಂದೇ. ನಾವು ಇದಕ್ಕೆ ಇಟ್ಟಿರುವ ಹೆಸರಿನಲ್ಲೇ ಚೀಲ ಇದೆ. ಇದನ್ನು ಯಾರೂ ಕಾಲಿಗೆ ಹಾಕುವುದಿಲ್ಲ, ಇದರೊಳಗೆ ಕಿತ್ತಳೆ, ಕಡಲೆಕಾಯಿ, ಆಟದ ಸಾಮಾನು ಎಲ್ಲ ಇಳಿಯುತ್ತವೆ, ಆಮೇಲೆ ರಾತ್ರಿಯಿಡೀ ಒಂದು ಹುರಿಯ ಮೇಲೆ ನೇತಾಡಬೇಕು. ಹಾಗಾಗಿ ಮೊದಲು ಚೀಲ, ಆಮೇಲೆ ಕಾಲು ಅಂತ ತೀರ್ಮಾನ ಮಾಡಿದೆ. ಸ್ವೆಟರ್‌ನ ಹಾಗೆ ಮೆತ್ತಗೆ, ಸಡಿಲವಾಗಿ ಹೆಣೆದರೆ ಇದಕ್ಕೆ ಆಗುವುದಿಲ್ಲ.

ದಾರ ತಂದದ್ದು ದೇವರಾಜ ಮಾರುಕಟ್ಟೆ ಹತ್ತಿರದ ಗಲ್ಲಿಯ ಅಂಗಡಿಯಿಂದ. ದಪ್ಪ ಅಕ್ರಿಲಿಕ್ ದಾರ, ಕೆಂಪು 100 ಗ್ರಾಂ, ಬಿಳಿ 50 ಗ್ರಾಂ. ಇಷ್ಟರಲ್ಲಿ ಕಾಲುಚೀಲ ಮುಗಿದು ದಾರ ಉಳಿಯಿತು. ಕೆಂಪಿನಲ್ಲಿ ಎರಡು ಉಂಡೆ ತೆಗೆದುಕೊಳ್ಳುವುದಾದರೆ ಲೇಬಲ್ ಮೇಲಿನ ಲಾಟ್ ನಂಬರ್ ಒಂದೇ ಇದೆಯಾ ನೋಡಿ, ಬೇರೆ ಬೇರೆ ಲಾಟ್ ಆದರೆ ಬಣ್ಣದಲ್ಲಿ ಸಣ್ಣ ವ್ಯತ್ಯಾಸ ಬರುತ್ತದೆ. ಕೆಂಪು ದಾರದ ಒಂದು ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ನಡುವೆ ಒತ್ತಿ ನೋಡಿ, ಬಣ್ಣ ಬಿಡುವ ದಾರವಾದರೆ ಪಕ್ಕದ ಬಿಳಿ ಹಾಳಾಗುತ್ತದೆ. ಕಡ್ಡಿ ಎರಡೂ ತುದಿ ಚೂಪಾಗಿರುವ ನಾಲ್ಕರ ಸೆಟ್ಟು, ಎಂಟನೇ ನಂಬರ್, ಅಂದರೆ 4 ಮಿಲಿಮೀಟರ್. ಹಳೇ ಲೆಕ್ಕದಲ್ಲಿ ನಂಬರ್ ಜಾಸ್ತಿ ಆದಷ್ಟೂ ಕಡ್ಡಿ ಸಣ್ಣ, ಮಿಲಿಮೀಟರ್ ಲೆಕ್ಕದಲ್ಲಿ ಅದು ಉಲ್ಟಾ. ಅಂಗಡಿಯಲ್ಲಿ ಕೇಳುವಾಗ ಇದನ್ನು ನೆನಪಿಡಿ.

ಮೊದಲು ಅಂಗೈಯಗಲದ ಒಂದು ತುಂಡು ಹೆಣೆದು ಅಳತೆ ತೆಗೆದೆ. 10 ಸೆಂಟಿಮೀಟರ್ ಅಗಲಕ್ಕೆ 20 ಕುಣಿಕೆ (ಸ್ಟಿಚ್), ಅಷ್ಟೇ ಎತ್ತರಕ್ಕೆ 26 ಸಾಲು ಬಂತು. ಆ ತುಂಡಿನ ಮೇಲೆ ಬಿಸಿ ಇಸ್ತ್ರಿ ಇಟ್ಟೂ ನೋಡಿದೆ. ಅದರ ಜೀವವೇ ಹೋಯಿತು, ಒದ್ದೆ ಕಾಗದದ ಹಾಗೆ ಜೋತುಬಿತ್ತು, ಮತ್ತೆ ಸರಿಹೋಗಲೇ ಇಲ್ಲ. ಅಕ್ರಿಲಿಕ್‌ಗೆ ಇಸ್ತ್ರಿ ಬೇಡ. ತಣ್ಣೀರಿನಲ್ಲಿ ಅದ್ದಿ, ಟವೆಲ್‌ನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹರಡಿದರೆ ಸಾಕು.

ಇನ್ನು ಹೆಣಿಗೆ. ಬಿಳಿ ದಾರದಲ್ಲಿ 60 ಕುಣಿಕೆ ಹಾಕಿ, ಮೂರು ಕಡ್ಡಿಗೆ ಇಪ್ಪತ್ತಿಪ್ಪತ್ತು ಹಂಚಿ, ನಾಲ್ಕನೇ ಕಡ್ಡಿಯಿಂದ ಹೆಣೆಯುವುದು. ಸುತ್ತು ಸೇರಿಸುವ ಮೊದಲು ಮೂರೂ ಕಡ್ಡಿಯನ್ನು ಮೇಜಿನ ಮೇಲಿಟ್ಟು, ಕುಣಿಕೆಗಳ ಬುಡ ಎಲ್ಲ ಒಳಮುಖವಾಗಿದೆಯಾ ನೋಡಬೇಕು. ನಾನು ನೋಡಿರಲಿಲ್ಲ. ಐದು ಸುತ್ತು ಆದ ಮೇಲೆ ಗೊತ್ತಾಯಿತು, ಒಂದು ಕಡೆ ತಿರುಚಿಕೊಂಡು ಬಿಟ್ಟಿತ್ತು. ಅದಕ್ಕೆ ಬೇರೆ ದಾರಿ ಇಲ್ಲ, ಪೂರ್ತಿ ಬಿಚ್ಚಬೇಕು. ಇನ್ನೊಂದು ಸಲ ಶುರು ಮಾಡಿದಾಗ ಬರೀ ಸೀದಾ (ನಿಟ್) ಹೆಣೆದೆ, ಬಾಯಿಯ ಅಂಚು ಕರಿದ ಹಪ್ಪಳದ ಹಾಗೆ ಸುರುಟಿಕೊಂಡಿತು. ಆಮೇಲೆ ಮೊದಲ 6 ಸುತ್ತನ್ನು ಒಂದು ಸೀದಾ, ಒಂದು ಉಲ್ಟಾ (ಪರ್ಲ್) ಅಂತ ಹೆಣೆದೆ, ಅಂಚು ನೆಟ್ಟಗೆ ನಿಂತಿತು. ಅಲ್ಲಿಂದ 26 ಸುತ್ತು ಬಿಳಿ, ಅದು ಹೆಸರಿನ ಜಾಗ. ಆಮೇಲೆ ಕೆಂಪು 60 ಸುತ್ತು. ಒಂದು ಕಡ್ಡಿಯಿಂದ ಇನ್ನೊಂದಕ್ಕೆ ದಾಟುವ ಕಡೆ ಏಣಿಯ ಹಾಗೆ ಸಂದು ಬೀಳುತ್ತದೆ. ಪ್ರತಿ ಕಡ್ಡಿಯ ಮೊದಲ ಎರಡು ಕುಣಿಕೆಗೆ ದಾರ ಸ್ವಲ್ಪ ಎಳೆದು ಬಿಗಿ ಮಾಡಿದರೆ ಬೀಳುವುದಿಲ್ಲ.

ಹಿಮ್ಮಡಿಯ ಹತ್ತಿರ ಬಂದಾಗ ದೊಡ್ಡಮ್ಮ ಪಕ್ಕದಲ್ಲಿ ಕೂತಿದ್ದರು. "ಕಾಲಿಗೇ ಹಾಕಲ್ಲ ಅಂತೀಯ, ಹಿಮ್ಮಡಿ ಯಾಕೆ ಬೇಕೇ ಅದಕ್ಕೆ?" ಅಂದರು. ಅಲ್ಲಿ ಬಾಗಲಿಲ್ಲ ಅಂದರೆ ಅದು ಮೊಬೈಲ್ ಕವರಿನ ಹಾಗೆ ಉದ್ದ ಚೀಲ ಆಗುತ್ತೆ ದೊಡ್ಡಮ್ಮ, ಅಂದೆ. ಕಡ್ಡಿ ಕೆಳಗಿಡಿಸದೆ ಪೂರ್ತಿ ನೋಡಿದರು. ಕಣ್ಣು ಮಂಜಾಗಿದ್ದರೂ ಎಣಿಕೆ ಮಾತ್ರ ನನಗಿಂತ ಚುರುಕು, ಎರಡು ಕಡೆ ನಾನು ತಪ್ಪಿದಾಗ ಅವರೇ ತಡೆದರು.

60ರಲ್ಲಿ 30 ಕುಣಿಕೆ ಸುಮ್ನೆ ಕಡ್ಡಿಯಲ್ಲೇ ಬಿಟ್ಟು, ಉಳಿದ 30ರ ಮೇಲೆ ಬಿಳಿ ದಾರದಲ್ಲಿ ಹೋಗಿ ಬಂದು 30 ಸಾಲು. ಪ್ರತಿ ಸಾಲಿನ ಮೊದಲ ಕುಣಿಕೆಯನ್ನು ಹೆಣೆಯದೆ ದಾಟಿಸಬೇಕು, ಅಂಚಿನಲ್ಲಿ ಜಡೆಯ ಹಾಗೆ 15 ಕೊಂಡಿ ಸಿಗುತ್ತವೆ. ಸೀದಾ ಕಡೆಯ ಸಾಲಿನಲ್ಲಿ ಒಂದು ದಾಟಿಸಿ ಒಂದು ಹೆಣೆಯುತ್ತಾ ಹೋದರೆ ಹಿಮ್ಮಡಿ ಎರಡು ಪದರ ಇದ್ದಷ್ಟು ದಪ್ಪ ಬರುತ್ತದೆ. ಆಮೇಲೆ ತಿರುವು. 17 ಹೆಣೆದು, ಎರಡನ್ನು ಒಟ್ಟಿಗೆ ಸೇರಿಸಿ, ಇನ್ನೊಂದು ಹೆಣೆದು, ಸಾಲು ಮುಗಿಸದೇ ತಿರುಗಿ. ಒಂದು ದಾಟಿಸಿ, 5 ಉಲ್ಟಾ, ಎರಡು ಸೇರಿಸಿ ಉಲ್ಟಾ, ಇನ್ನೊಂದು ಉಲ್ಟಾ, ಮತ್ತೆ ತಿರುಗಿ. ಅಲ್ಲಿಂದ ಪ್ರತಿ ಸಲ ತಿರುಗಿದ ಕಡೆ ಒಂದು ಸಂದು ಕಾಣುತ್ತದೆ, ಆ ಸಂದಿನ ಆಚೆ ಈಚೆಯ ಎರಡು ಕುಣಿಕೆ ಸೇರಿಸಿ, ಒಂದು ಹೆಣೆದು ತಿರುಗುವುದು. ಎಲ್ಲ ಮುಗಿದಾಗ 18 ಉಳಿಯುತ್ತವೆ. ಚಪ್ಪಟೆ ಬಟ್ಟೆ ಕೈಯಲ್ಲೇ ಬಟ್ಟಲಿನ ಹಾಗೆ ಗುಂಡಗಾಗುತ್ತದೆ. ಇಷ್ಟು ವರ್ಷ ಹೆಣೆದರೂ ನಾನು ಅದನ್ನು ಕಂಡಿರಲಿಲ್ಲ, ಅವತ್ತು ರಾತ್ರಿ ಎಲ್ಲರಿಗೂ ತೋರಿಸಿಕೊಂಡು ಓಡಾಡಿದೆ.

ಇಲ್ಲಿಂದ ಮತ್ತೆ ಕೆಂಪು. ಅಂಚಿನ 15 ಕೊಂಡಿಯಿಂದ ಹದಿನೈದು, ಮೂಲೆಯಲ್ಲಿ ತೂತು ಬೀಳದಿರಲಿ ಅಂತ ಒಂದು ಜಾಸ್ತಿ, ಹೀಗೆ ಎರಡೂ ಕಡೆ ಹದಿನಾರು ಎತ್ತಿಕೊಂಡರೆ, ಹಿಮ್ಮಡಿಯ 18 ಮತ್ತು ಮೊದಲು ಬಿಟ್ಟಿದ್ದ 30 ಸೇರಿ ಒಟ್ಟು 80 ಆಗುತ್ತದೆ. ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ಎರಡೂ ಮೂಲೆಯಲ್ಲಿ ಒಂದೊಂದು ಕಡಿಮೆ ಮಾಡುತ್ತಾ 60ಕ್ಕೆ ಬಂದೆ. ಹಾಗೇ 20 ಸುತ್ತು. ಬೆರಳಿನ ಭಾಗಕ್ಕೆ ಬಿಳಿ, ಒಂದು ಸುತ್ತು ಬಿಟ್ಟು ಒಂದರಲ್ಲಿ ನಾಲ್ಕು ನಾಲ್ಕು ಕಡಿಮೆ ಮಾಡಿ 20 ಉಳಿದಾಗ, ಹತ್ತು ಹತ್ತು ಎದುರುಬದುರು ಇಟ್ಟು ಸೂಜಿಯಲ್ಲಿ ಕೂಡಿಸಿದೆ.

ಈಗ ಹೆಸರಿನ ವಿಷಯ. ಮೊದಲು ನಾನು ಹೆಣೆಯುವಾಗಲೇ ಕೆಂಪು ದಾರ ಸೇರಿಸಿ ಅಕ್ಷರ ಮೂಡಿಸೋಣ ಅಂತ ಹೊರಟೆ. ಹೆಸರು ಮುಂದಿನ 30 ಕುಣಿಕೆಯಲ್ಲಿ ಮಾತ್ರ ಇದೆ, ಹಿಂದಿನ 30ಕ್ಕೆ ಕೆಂಪು ದಾರದ ಕೆಲಸವೇ ಇಲ್ಲ, ಆದರೂ ಸುತ್ತು ಬರಬೇಕು ಅಂದರೆ ಒಳಗಡೆ ಅಷ್ಟುದ್ದ ಎಳೆದುಕೊಂಡೇ ಬರಬೇಕು. ಬಾಯಿ ಸುಕ್ಕುಗಟ್ಟಿತು. ಮಗು ಕೈ ಹಾಕಿದರೆ ಬೆರಳು ಸಿಕ್ಕಿಕೊಳ್ಳುವ ಭಯ ಬೇರೆ. ಬಿಚ್ಚಿದೆ. ಬಿಳಿಯನ್ನು ಖಾಲಿ ಹೆಣೆದು, ಎಲ್ಲ ಮುಗಿದ ಮೇಲೆ ಮೊಂಡು ತುದಿಯ ದಪ್ಪ ಸೂಜಿಯಲ್ಲಿ ಹೆಣೆದ ಕುಣಿಕೆಯ ಮೇಲೇ, ಅದು ಹೋದ ದಾರಿಯಲ್ಲೇ ಕೆಂಪು ದಾರ ಓಡಿಸುವುದು ಒಳ್ಳೆಯದು. ಇದಕ್ಕೆ ಡೂಪ್ಲಿಕೇಟ್ ಸ್ಟಿಚ್ ಅನ್ನುತ್ತಾರೆ. ಕುಣಿಕೆಯ ಬುಡದಲ್ಲಿ ಸೂಜಿ ಹೊರಗೆ ತಂದು, ಮೇಲಿನ ಕುಣಿಕೆಯ ಎರಡು ಕಾಲಿನ ಹಿಂದೆ ತೂರಿಸಿ, ಬಂದ ತೂತಿಗೇ ವಾಪಸ್ಸು ಹಾಕಬೇಕು. ಎಳೆಯಬಾರದು, ಕೆಳಗಿನ ಬಿಳಿ ಮುಚ್ಚುವಷ್ಟು ಸಡಿಲ ಇರಬೇಕು.

ಅಕ್ಷರವನ್ನು ಮಗನ ಗ್ರಾಫ್ ಪುಸ್ತಕದಲ್ಲಿ ಬರೆದುಕೊಂಡೆ. ಚೌಕದ ಮೇಲೆ ದುಂಡಗೆ ಕಂಡ 'ಟ' ಬಟ್ಟೆಯ ಮೇಲೆ ಬಂದಾಗ ಯಾರೋ ಮೇಲೆ ಕೂತು ಚಪ್ಪಟೆ ಮಾಡಿದ ಹಾಗಿತ್ತು. ಯಾಕೆ ಅಂದರೆ ಕುಣಿಕೆ ಚೌಕ ಅಲ್ಲ. ನನ್ನ ಅಳತೆಯಲ್ಲಿ ಅದರ ಅಗಲ 5 ಮಿಲಿಮೀಟರ್, ಎತ್ತರ 4ಕ್ಕೂ ಸ್ವಲ್ಪ ಕಡಿಮೆ. ಇಂಗ್ಲಿಷ್ ಅಕ್ಷರದಲ್ಲಿ ನೇರ ಗೆರೆ ಜಾಸ್ತಿ, ಅಲ್ಲಿ ಇದು ಅಷ್ಟಾಗಿ ಕಣ್ಣಿಗೆ ಹೊಡೆಯುವುದಿಲ್ಲ. ನಮ್ಮ ಅಕ್ಷರದ ಅಂದವೇ ದುಂಡು ತಾನೇ, ಅದು ಕೆಟ್ಟರೆ ಹೆಸರೇ ಕೆಟ್ಟ ಹಾಗೆ. ಸ್ಕೇಲ್ ಇಟ್ಟು 5ಕ್ಕೆ 4ರ ಮನೆಗಳನ್ನು ನಾನೇ ಗೆರೆ ಹಾಕಿ, ಅದರಲ್ಲಿ ಮತ್ತೆ ಬರೆದೆ. 10 ಕುಣಿಕೆ ಅಗಲದ ಸುತ್ತು ದುಂಡಗೆ ಕಾಣಬೇಕಾದರೆ 13 ಸಾಲು ಎತ್ತರ ಬೇಕು.

ಇನ್ನೊಂದು ತೊಡಕು ಒತ್ತಕ್ಷರ. ಮೇಲೆ ಗುಡಿಸು, ನಡುವೆ ಅಕ್ಷರ, ಕೆಳಗೆ ಒತ್ತು, 'ಟ್ಟಿ' ಅಂದರೆ ಮೂರಂತಸ್ತಿನ ಮನೆ. ಗುಡಿಸೂ ಸೇರಿ ಅಕ್ಷರಕ್ಕೆ 13 ಸಾಲು, ಖಾಲಿ ಒಂದು ಸಾಲು, ಒತ್ತಿಗೆ 7, ಒಟ್ಟು 21. ಅದಕ್ಕೇ ಬಿಳಿ 26 ಸುತ್ತು ಇಟ್ಟದ್ದು. ಆ ಖಾಲಿ ಸಾಲನ್ನು ಉಳಿಸಲು ಮರೆಯಬೇಡಿ, ಇಲ್ಲದಿದ್ದರೆ ಒತ್ತು ಮೇಲಿನ ಅಕ್ಷರಕ್ಕೆ ಅಂಟಿಕೊಂಡು ಗಂಟಿನ ಹಾಗೆ ಕಾಣುತ್ತದೆ. 'ಪು' ಬರೆಯುವಾಗ ತಲೆಯ ಹತ್ತಿರದ ಬಾಯಿ ತೆರೆದಿರಬೇಕು, ಅಲ್ಲಿ ಒಂದು ಕುಣಿಕೆ ಜಾಸ್ತಿ ತುಂಬಿದರೂ 'ವು' ಆಗುತ್ತದೆ. ನಾನು ಅಲ್ಲಿ ಎರಡು ಕುಣಿಕೆ ಖಾಲಿ ಬಿಟ್ಟೆ.

ಅಷ್ಟೆಲ್ಲ ಲೆಕ್ಕ ಹಾಕಿಯೂ ಮೊದಲನೇ ಸಂಜೆ ಹೊಲಿದ 'ಪು' ತಲೆಕೆಳಗಾಗಿತ್ತು. ನಾವು ಹೆಣಿಗೆ ಶುರು ಮಾಡಿದ ಅಂಚು ತೂಗುಹಾಕಿದಾಗ ಮೇಲೆ ಬರುತ್ತದೆ. ನಾನು ಅಭ್ಯಾಸದಂತೆ ಆ ಅಂಚನ್ನು ನನ್ನ ಕಡೆ ಇಟ್ಟುಕೊಂಡು ಹೊಲಿದಿದ್ದೆ. ಹಾಗೆ ಇಟ್ಟುಕೊಂಡರೆ ಕುಣಿಕೆ ಸರಿಯಾಗಿ ಕಾಣುತ್ತದೆ ನಿಜ, ಆದರೆ ಗ್ರಾಫ್ ಹಾಳೆಯನ್ನೂ ತಲೆಕೆಳಗು ಮಾಡಿ ಇಟ್ಟುಕೊಳ್ಳಬೇಕು.

ಭಾರ ತಡೆಯುತ್ತದಾ ನೋಡಲು ಎರಡು ಕಿತ್ತಳೆ, ಒಂದು ಸೇರು ಕಡಲೆಕಾಯಿ ತುಂಬಿ ಅಡುಗೆಮನೆಯ ಮೊಳೆಗೆ ಸಿಕ್ಕಿಸಿದೆ. ಬೆಳಿಗ್ಗೆ ಹೊತ್ತಿಗೆ ನಾಲ್ಕು ಬೆರಳು ಉದ್ದ ಆಗಿತ್ತು. ಅದಕ್ಕೆ ಒಳಗೆ ಅಸ್ತರಿ ಕೊಟ್ಟೆ. ದೊಡ್ಡಮ್ಮ ತಮ್ಮ ಹಳೇ ಕಾಟನ್ ಸೀರೆಯ ತುಂಡು ಕೊಟ್ಟರು, ತೊಳೆದು ತೊಳೆದು ಮೆತ್ತಗಾಗಿದ್ದ ಸೀರೆ. ಕಾಲುಚೀಲವನ್ನು ಅದರ ಮೇಲಿಟ್ಟು ಗೆರೆ ಎಳೆದು, ಉದ್ದ ಮಾತ್ರ ಒಂದು ಬೆರಳು ಕಡಿಮೆ ಇಟ್ಟು ಕತ್ತರಿಸಿ ಹೊಲಿದೆ. ಹೀಗಾದರೆ ಭಾರವನ್ನು ಅಸ್ತರಿ ಹೊರುತ್ತದೆ, ಹೆಣಿಗೆ ಜಗ್ಗುವುದಿಲ್ಲ. ನೇತುಹಾಕುವ ಹುರಿಗೆ ಎರಡು ಕಡ್ಡಿಯಲ್ಲಿ 4 ಕುಣಿಕೆ ಹಾಕಿ, ತಿರುಗಿಸದೆ ಕಡ್ಡಿಯ ಇನ್ನೊಂದು ತುದಿಗೆ ಜಾರಿಸಿ, ದಾರ ಹಿಂದಿನಿಂದ ಎಳೆದು ಹೆಣೆಯುತ್ತಾ ಹೋದೆ, ದುಂಡಗೆ ಬರುತ್ತದೆ. ಅದನ್ನು ಹಿಮ್ಮಡಿಯ ಕಡೆ, ಅಸ್ತರಿಯನ್ನೂ ಸೇರಿಸಿ ಗಟ್ಟಿಯಾಗಿ ಹೊಲಿಯಬೇಕು.

24ನೇ ತಾರೀಕು ಸಂಜೆ ಕೆಳಗೆ ಕೊಟ್ಟು ಬಂದೆ. ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಪಕ್ಕದ ಕಿಟಕಿಯ ಸರಳಿಗೆ ಕಟ್ಟಿದರು. ಆಂಟಿ ಕನ್ನಡಕ ಹಾಕಿಕೊಂಡು ಹತ್ತಿರ ಬಂದು, ಬೆರಳಿಟ್ಟು ಒತ್ತಿನ ಮೇಲೆ ಸವರಿ, ಪುಟ್ಟಿ ಅಂತ ಜೋರಾಗಿ ಓದಿದರು. ಮಗು ಅವರ ಕಡೆ ತಿರುಗಿ ನೋಡಿತು.

ಈ ವರ್ಷ ಅವಳ ಅಣ್ಣನಿಗೂ ಬೇಕಂತೆ. ಅವನನ್ನು ಕರೆಯುವುದು ಚಿನ್ನು ಅಂತ. ಗ್ರಾಫ್ ಹಾಕಿಟ್ಟಿದ್ದೇನೆ, 'ನ್ನು'ಗೆ ಒತ್ತೂ ಕೊಂಬೂ ಸೇರಿ 14 ಕುಣಿಕೆ ಅಗಲ ಬೇಕಾಗಿದೆ. ಅವನು ಹಸಿರು ಬಣ್ಣ ಕೇಳಿದ್ದಾನೆ, ದಾರ ಇನ್ನೂ ತರಬೇಕು.